ಗಾಣದ ಪಟ್ಟಿ

ಪಟ್ಟಿ ವಸೂಲಿಯ ಜಯತೀರ್ಥರಾಯರು ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟದ್ದನ್ನು ಕಂಡು ಫಕ್ಕೀರವ್ವನ ಎದೆ ಧಸಕ್ಕೆಂದಿತು. ಸಾವಿರದ ಒಂಬೈನೂರ ಮೂವತ್ತೆರಡರ ಸಾಲು. ಶೇಂಗಾ ಧಾರಣಿ ಪಾತಾಳ ಕಂಡಿತ್ತು, ಹಾನಗಲ್ಲಿನ ಪೇಟೆಗೆ ಗಿರಣಿ ಎಣ್ಣೆ ಡಬ್ಬಿಗಟ್ಟಲೆ ಬಂದು ಬೀಳುತ್ತಿತ್ತು, ಗಾಣದೆಣ್ಣೆ ಕೇಳುವವರೇ ಇಲ್ಲ. ಗಾಣದ ಮೇಲಿನ ತೆರಿಗೆ, ಆ ಪಟ್ಟಿ ಮಾತ್ರ ಮೊದಲಿನಷ್ಟೇ. ಕಟ್ಟದಿದ್ದರೆ ಎತ್ತು ಜಪ್ತಿ. ಎತ್ತು ಹೋದ ಮೇಲೆ ಗಾಣಿಗನ ಮನೆಯಲ್ಲಿ ಏನು ಉಳಿದೀತು, ಮಣ್ಣು!

"ಬರ್ರಿ ರಾಯರ, ಕೂಡ್ರಿ" ಎಂದು ಗಂಡ ಉಳವಪ್ಪ ಕಂಬಳಿ ಹಾಸಿದ.

ರಾಯರು ಕೂಡಲಿಲ್ಲ, ಒಳಗೆ ಇಣುಕಿದರು. "ಗಾಣ ನಿಂತದಲ್ಲೋ, ಉಳವಪ್ಪ?"

"ಹೌದ್ರಿ, ನಿಂತೈತಿ."

"ಛಲೋ ಆತು. ಪ್ಯಾಟಿ ಬಿದ್ದದ ಅಂತ ಊರ ಕಮಿಟಿಯವರು ಠರಾವು ಮಾಡ್ಯಾರ, ನಿಂತ ಗಾಣಕ್ಕ ಈ ವರ್ಷ ಪಟ್ಟಿ ಮಾಫಿ. ಕಣ್ಣಾರೆ ನೋಡಿ ಬಾ ಅಂತ ನನ್ನ ಕಳಿಸ್ಯಾರ."

ಬಾಗಿಲ ಸಂದಿಯಲ್ಲಿ ಫಕ್ಕೀರವ್ವ ಉಸಿರು ಬಿಗಿಹಿಡಿದಳು. ಹೋದ ತಿಂಗಳಷ್ಟೇ ಧಾರವಾಡದಿಂದ ಬಂದ ಹೊಸ ಮನುಷ್ಯ, ಪಾಪ, ಗಾಣಿಗರ ರೀತಿ ರಿವಾಜು ಏನು ಬಲ್ಲ? ಹುಲಗೂರಿನ ದರ್ಗಾದಲ್ಲಿ ಸಕ್ಕರೆ ಓದಿಸುತ್ತೇನೆಂದು ಅಲ್ಲೇ ಹರಕೆ ಹೊತ್ತಳು. ಈಗ ಅವಳಿಗೆ ಹೆದರಿಕೆಯೆಲ್ಲ ಸುಳ್ಳಾಡಲಾರದ ಗಂಡನದೇ. ಈ ಪುಣ್ಯಾತ್ಮನ ಬಾಯಿ ಮುಚ್ಚಿಸುವುದು ಹೇಗೆ? ಕೆಮ್ಮಿದಳು. ಬಳೆ ಸದ್ದು ಮಾಡಿದಳು. ಊಹುಂ, ಆತ ಆಗಲೇ ಕತ್ತು ತುರಿಸಿಕೊಳ್ಳುತ್ತಿದ್ದ.

"ರಾಯರ, ನಿಮ್ಮ ಮುಂದ ಸುಳ್ಳ ಯಾಕ... ಇವತ್ತ ಸೋಮವಾರ ನೋಡ್ರಿ. ಸೋಮವಾರ ಯಾವ ಗಾಣಿಗನೂ ಬಸವಣ್ಣನ ಹೆಗಲಿಗೆ ನೊಗಾ ಇಡಂಗಿಲ್ಲ. ನಾಳೆ ಮತ್ತ ತಿರಗತೈತಿ."

"ಅಯ್ಯ ಶಿವನ!" ಫಕ್ಕೀರವ್ವ ಹಣೆ ಬಡಿದುಕೊಂಡು ಹೊರಗೇ ಬಂದುಬಿಟ್ಟಳು. "ಹರಿಶ್ಚಂದ್ರನ ತುಂಡು! ಕೊಡ್ರಿ, ಎತ್ತಿನ ಹಗ್ಗಾನೂ ನೀವ ಬಿಚ್ಚಿ ಅವರ ಕೈಯಾಗ ಕೊಡ್ರಿ!"

ರಾಯರು ಇಬ್ಬರನ್ನೂ ನೋಡಿದರು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಕೈಯಲ್ಲಿದ್ದ ಕಾಗದದ ಮೇಲೆ ಬರೆಯುತ್ತ ಗಟ್ಟಿಯಾಗಿ ಓದಿದರು: "ಉಳವಪ್ಪನ ಗಾಣ. ನಿಂತದ. ಪಟ್ಟಿ ಮಾಫಿ."

"ಅಲ್ರಿ, ನಾಳೆ..." ಎಂದು ಉಳವಪ್ಪ ಮತ್ತೆ ಬಾಯಿ ತೆರೆದ.

"ನಾಳೆದು ನಿನ್ನ ಯಾರು ಕೇಳ್ಯಾರೋ? ನಾ ಬಂದಾಗ ನಿಂತಿತ್ತು, ಮುಗೀತು."

ಫಕ್ಕೀರವ್ವನಿಗೆ ಅಳು ನಗೆ ಎರಡೂ ಕೂಡಿಯೇ ಬಂದವು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಗುಂಡುಕಲ್ಲು ಉರುಳಿ ಹೋದಂತಾಯಿತು. ಸೆರಗಿನಿಂದ ಕಣ್ಣೊರಸಿಕೊಂಡು ಓಡಿಹೋಗಿ ತಟ್ಟೆಯಲ್ಲಿ ಸವಣೂರಿನ ಎಲೆ, ಅಡಿಕೆ ತಂದಳು. "ಎಲಿ ಹಾಕ್ಕೊಂಡರ ಹೋಗ್ರಿ, ಯಪ್ಪಾ."

ರಾಯರು ಆಗಲೇ ಚಪ್ಪಲಿ ಮೆಟ್ಟಿದ್ದರು.

"ಕೂಡಲಿಕ್ಕೆ ವ್ಯಾಳ್ಯಾ ಇಲ್ಲವ್ವ. ಊರಾಗಿನ ಗಾಣ ಎಲ್ಲಾ ಇವತ್ತ ನೋಡಿ ಮುಗಸಬೇಕು. ನಾಳೆ ಅಂದ್ರ ಮಂಗಳವಾರ ಆಗ್ತದ."