ಹಾಲಿನ ನಂಜು

ಕೂಸಿನ ಕೆನ್ನೆ, ಕತ್ತಿನ ತುಂಬ ಕೆಂಪು ಗುಳ್ಳೆ ಎದ್ದಿದ್ದವು. ಬಾಣಂತಿ ಚಂಪಾ ಬದನೆಕಾಯಿ ಬಿಟ್ಟಳು, ಕಡಲೆಬೇಳೆ ಬಿಟ್ಟಳು. ಈಗ ಮೆಣಸಿನ ಸಾರು, ಅನ್ನವಷ್ಟೇ ಅವಳ ಊಟ. ಆದರೂ ಗುಳ್ಳೆ ಇಳಿಯಲಿಲ್ಲ.

"ನಿನ್ ಹಾಲೇ ನಂಜು ಕಣೇ. ನಾಳೆಯಿಂದ ಕೂಸಿಗೆ ಆಕಳ ಹಾಲು," ಎಂದರು ಅತ್ತೆ.

"ಬ್ಯಾಡ ಅತ್ತೆ, ಮೂರು ತಿಂಗ್ಳ ಕೂಸು. ಡಾಕ್ಟ್ರಿಗೆ ತೋರಿಸಾಣ."

"ನಾಲ್ಕು ಹೆತ್ತೋಳು ನಾನು. ನನಗೆ ಡಾಕ್ಟ್ರು ಹೇಳ್ಕೊಡ್ಬೇಕಾ?"

ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಕೂಸನ್ನು ಎತ್ತಿಕೊಂಡು ಎಲ್ಲಿಗೆ ಓಡುವುದು?

ಅಷ್ಟರಲ್ಲಿ ಗಂಡ ಟೈರ್ ಅಂಗಡಿಯಿಂದ ಬಂದ. ನಟ್ಟು ಬಿಚ್ಚುವ ಏರ್ ಗನ್ನು ದಿನವಿಡೀ ಉಗುಳಿದ ಆಯಿಲ್ ಅವನ ಅಂಗಿಯ ಎದೆ, ಹೆಗಲಿಗೆಲ್ಲ ಹತ್ತಿತ್ತು. ಎಂದಿನಂತೆ ಮೊದಲು ಮಗಳನ್ನು ಹೆಗಲಿಗೆ ಹಾಕಿಕೊಂಡು ಮುದ್ದಾಡಿ, ಆಮೇಲೆ ಅಂಗಿ ಕಳಚಿ ಅಮ್ಮನ ಕೈಗೆ ಕೊಟ್ಟ.

ಬಾಣಂತಿ ತಣ್ಣೀರು ಮುಟ್ಟಬಾರದೆಂದು ಬಟ್ಟೆಯನ್ನೆಲ್ಲ ಅತ್ತೆಯೇ ಒಗೆಯುತ್ತಿದ್ದರು. ಅಂಗಿಯನ್ನು ಬಕೆಟ್ಟಿಗೆ ಅದ್ದಲು ಅವರು ಬಳೆಗಳನ್ನು ಮೇಲಕ್ಕೆ ಸರಿಸಿದರು. ಮುಂಗೈ ತುಂಬ ಅವೇ ಕೆಂಪು ಗುಳ್ಳೆ.

ಚಂಪಾ ಆ ಎರಡೂ ಕೈಗಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು.

"ಅತ್ತೆ, ನೀವೂ ನನ್ ಹಾಲು ಕುಡಿದ್ರಾ?"