ಮುಖಪುಟದ ಅಪ್ಪ

ಪ್ಲಾಸ್ಟಿಕ್ ಹೊದಿಕೆಯಿಂದ ಪುಸ್ತಕ ಹೊರತೆಗೆಯುವ ಮೊದಲು ಯಶವಂತ್ ಕರವಸ್ತ್ರದಲ್ಲಿ ಎರಡೂ ಕೈ ಒರೆಸಿಕೊಂಡ. ಸೂರತ್ತಿನ ಉಧ್ನಾದ ಆ ಒಂದೇ ಕೋಣೆಯ ಮನೆಯಲ್ಲಿ ಅವನಿಗೆ ಕುರ್ಚಿ ಹಾಕಿ, ಪಾರ್ವತವ್ವ ಎದುರಿಗೆ ಚಾಪೆಯ ಮೇಲೆ ಕುಳಿತಿದ್ದಳು.

ಹುಬ್ಬಳ್ಳಿ ಕಡೆಯ ಗಿರಣಿ ಕಾರ್ಮಿಕರ ಬದುಕಿನ ಕಾದಂಬರಿ ಅದು, ಮೊದಲ ಮುದ್ರಣ. ಅಹಮದಾಬಾದಿನ ಭಾನುವಾರದ ಗುಜರಿ ಸಂತೆಯಲ್ಲಿ ಹಳೆಯ ಗುಜರಾತಿ ಪಂಚಾಂಗಗಳ ಅಡಿಯಲ್ಲಿ ಅವನಿಗೆ ಸಿಕ್ಕಿತ್ತು. ಮಗ್ಗದ ಪಕ್ಕ ನಿಂತ ಕಾರ್ಮಿಕನ ಫೋಟೊ ಈ ಮುದ್ರಣದ ಮುಖಪುಟದಲ್ಲಿ ಮಾತ್ರ ಇದೆ; ಆಮೇಲಿನ ಮುದ್ರಣಗಳಲ್ಲಿ ಅದನ್ನು ಬದಲಿಸಿದ್ದರು. ಆತ ಪಾರ್ವತವ್ವನ ತಂದೆ ಎಂದು ಸೂರತ್ತಿನ ಪರಿಚಿತರೊಬ್ಬರು ಹೇಳಿದ್ದರು. ಖಚಿತಪಡಿಸಿಕೊಂಡು, ಆಕೆಯ ಕೈಯಲ್ಲಿ ಪುಸ್ತಕ ಕೊಟ್ಟು ಚಿತ್ರ ತೆಗೆದು, ಕನ್ನಡ ಸಂಘದ ಸಂಚಿಕೆಗೆ ಬರೆಯಬೇಕೆಂದು ಯಶವಂತ್ ವಡೋದರಾದಿಂದ ಬಂದಿದ್ದ. ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಿಮ್ಮ ತಂದೆ ಫೋಟೊ ಇರೋ ಪುಸ್ತಕ ತರ್ತೀನಮ್ಮ."

"ಇವ್ರೇನಾ?" ಎನ್ನುತ್ತ ಯಶವಂತ್ ಪುಸ್ತಕವನ್ನು ಆಕೆಯ ಕೈಗಿತ್ತ.

ಪಾರ್ವತವ್ವ ಮುಖ ನೋಡಲಿಲ್ಲ. ಫೋಟೊದಲ್ಲಿನ ಎಡಗೈ ನೋಡಿದಳು. ತೋರುಬೆರಳು ಅರ್ಧಕ್ಕೇ ನಿಂತಿತ್ತು. "ಹೌದು ತಮ್ಮಾ, ನಮ್ಮಪ್ಪನ. ಸಣ್ಣಾಕಿದ್ದೆ, ಮಾರಿ ಮರ್ತುಬಿಟ್ಟಿತ್ತು. ಈ ಮೋಟ ಬಟ್ಟ ಹಿಡಕೊಂಡ ಅಡ್ಡ್ಯಾಡ್ತಿದ್ದೆ. ಮನ್ಯಾಗ ಅಪ್ಪಂದು ಒಂದೂ ಫೋಟೊ ಇಲ್ಲ ನೋಡು."

"ಅಂಕಲ್, ಅಜ್ಜಿ ನಿನ್ನೆ ಸೇ ಕಪಾಟು ಸಾಫ್ ಮಾಡ್ತಾನೆ," ಎಂದಳು ಬಾಗಿಲಲ್ಲಿ ನಿಂತಿದ್ದ, ಸೂರತ್ತಿನಲ್ಲೇ ಬೆಳೆದ ಮೊಮ್ಮಗಳು ಐಶ್ವರ್ಯಾ.

"ಮಾಡ್ತಾಳ ಅನ್ನ! ನಿಮ್ಮಜ್ಜಿಗೇನ ಮೀಸಿ ಬಂದಾವ?" ಎಂದು ಪಾರ್ವತವ್ವ ತಿದ್ದಿದಳು.

ಯಶವಂತ್ ನಕ್ಕು ಕಪಾಟಿನತ್ತ ನೋಡಿದ. ದೇವರ ಪಟಗಳನ್ನೆಲ್ಲ ಒಂದು ಬದಿಗೆ ಸರಿಸಿ, ಪಕ್ಕದಲ್ಲಿ ಒಗೆದ ಬಟ್ಟೆ ಹಾಸಿ, ಪುಸ್ತಕ ನಿಲ್ಲುವಷ್ಟು ಜಾಗ ಬಿಡಲಾಗಿತ್ತು. ಅವನಿಗೆ ಅರ್ಥವಾಯಿತು. ಪುಸ್ತಕ ಕೊಟ್ಟುಹೋಗಲು ತಂದದ್ದಲ್ಲ ಎಂದು ಈಗಲೇ ಹೇಳಬೇಕು ಎಂದುಕೊಂಡ. ಚಿತ್ರ ಒಂದು ಆಗಲಿ, ಆಮೇಲೆ ಹೇಳಿದರಾಯಿತು ಎಂದೂ ಅಂದುಕೊಂಡ.

"ಸ್ವಲ್ಪ ಮೇಲೆ ಹಿಡೀರಿ ಅಮ್ಮ."

ಅವನು ಮೊಬೈಲ್ ಎತ್ತುವಷ್ಟರಲ್ಲಿ ಪಾರ್ವತವ್ವ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟಲಲ್ಲಿ ಕಲಸಿಟ್ಟಿದ್ದ ಕುಂಕುಮಕ್ಕೆ ಬೆರಳು ಅದ್ದಿ, ಅಪ್ಪನ ಹಣೆಗೆ ಒಯ್ದಳು.

"ಮುಟ್ಟಬೇಡಿ!"

ಅವನು ಮುನ್ನುಗ್ಗಿ ಪುಸ್ತಕ ಕಿತ್ತುಕೊಂಡ. ಬೆರಳು ಅವನ ಬಿಳಿ ಅಂಗಿಯ ತೋಳಿಗೆ ಉಜ್ಜಿತು. ಮುಖಪುಟಕ್ಕೆ ಏನೂ ಆಗಿರಲಿಲ್ಲ. ಅವನು ಮೊದಲು ನೋಡಿದ್ದು ಅದನ್ನೇ. ನೋಡಿದ್ದನ್ನು ಐಶ್ವರ್ಯಾ ನೋಡಿದಳು.

"ಇದು... ಮೊದಲನೇ ಮುದ್ರಣ ಅಮ್ಮ," ಎಂದ. ತನ್ನ ಮಾತು ತನಗೇ ಕೇಳಿಸಿ ಅವನ ಕಿವಿ ಬಿಸಿಯಾಯಿತು.

ಪಾರ್ವತವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. "ತಪ್ಪಾತ್ರಿ, ಸರ. ತೋರ್ಸಾಕಷ್ಟ ತಂದಿದ್ರಿ ಅಂತ ಗೊತ್ತಾಗ್ಲಿಲ್ಲ. ಅಂಗಿ ಬಿಚ್ಚಿ ಕೊಡ್ರಿ, ತೊಳದ ಕೊಡ್ತೀನಿ. ಒಣಗಿದ್ರ ಕಲಿ ಹೋಗೂದಿಲ್ಲ."

ಆಕೆ ಕೈ ಚಾಚಿ ನಿಂತಿದ್ದಳು. ಅಂಗಿ ಬಿಚ್ಚಬೇಕಾದರೆ ಯಶವಂತ್ ಪುಸ್ತಕವನ್ನು ಕೆಳಗಿಡಬೇಕಿತ್ತು.