ನೆಲಕ್ಕೆ ಬಿದ್ದ ಹನಿ

ಕಸ್ತೂರಿಗೆ ಆ ಸಿಟ್ಟು ಬಂದಿದ್ದು ಅಕ್ಕನ ಮಗಳ ಕುಬಸದ ದಿನ...

ತಾನೇ ಎತ್ತಿ ಆಡಿಸಿದ ಸವಿತಾ ಈಗ ಬಸುರಿ. ಸೀಮಂತದ ಶಾಸ್ತ್ರಕ್ಕೆ ಅವಳ ಉಡಿ ತುಂಬಲು ಕಸ್ತೂರಿ ಅಕ್ಕಿ ಹಿಡಿದು ಬಗ್ಗಿದ್ದಳು.

"ನೀ ಬ್ಯಾಡ... ಈ ಕಡೆ ಬಾ." ಅಕ್ಕ ಅವಳ ಕೈಯನ್ನು ಪಕ್ಕಕ್ಕೆ ಸರಿಸಿಬಿಟ್ಟಳು. ಎಲ್ಲರೆದುರು!

ಯಾಕೆಂದು ಯಾರೂ ಹೇಳಬೇಕಿರಲಿಲ್ಲ. ಕಸ್ತೂರಿಗೆ ಮಕ್ಕಳಿಲ್ಲ.

ಅಂದಿನಿಂದ ಅಕ್ಕನ ಮನೆಗೆ ಕಾಲಿಡಲಿಲ್ಲ. ಆದರೆ ಗಿರಣಿಯಲ್ಲಿ, ನಲ್ಲಿಯ ಹತ್ತಿರ, ಬಸ್ಸಿನಲ್ಲಿ... ಸಿಕ್ಕವರಿಗೆಲ್ಲ ಹೇಳಿದಳು. ಹೇಳಿದಷ್ಟೂ ಮೈ ಉರಿಯುತ್ತಿತ್ತು.

ಹೆರಿಗೆಯಾದ ಮೇಲೆ ಸವಿತಾ ಫೋನ್ ಮಾಡಿದಳು. ಕೂಸನ್ನು ನೋಡಲು ಕಸ್ತೂರಿಯ ಜೀವ ಹೊಯ್ದಾಡಿತು... ಆದರೂ ಕಟ್ ಮಾಡಿದಳು.

ನವರಾತ್ರಿ ಬಂತು. ಸಂಜೆ ಗುಡಿಯಲ್ಲಿ ದೇವಿ ಪುರಾಣ.

ಅಂದು ಆ ರಾಕ್ಷಸನ ಕಥೆ... ಅವನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅವನಂಥವನೇ ಇನ್ನೊಬ್ಬ ಏಳುತ್ತಾನೆ. ಕಡಿದಷ್ಟೂ ಹೆಚ್ಚುತ್ತಾನೆ. ಕೊನೆಗೆ ಕಾಳಿ ನಾಲಿಗೆ ಚಾಚಿ, ಹನಿ ನೆಲ ಮುಟ್ಟದಂತೆ ಹಿಡಿಯುತ್ತಾಳೆ.

ಅರ್ಥ ಹೇಳುವ ಅಜ್ಜ ಅಂದರು: "ಅವನ್ನ ಹೊರಗ ಹುಡುಕಬ್ಯಾಡ್ರಿ ತಾಯಂದಿರ. ನಮ್ಮ ಎದಿಯೊಳಗಿನ ಸಿಟ್ಟ ಅವ."

ಕಸ್ತೂರಿ ಹಲ್ಲು ಕಡಿದಳು. 'ಹೇಳೋದು ಸಸಾರ! ಈ ಅಜ್ಜನ ಕೈ ಯಾರರ ಸರಿಸ್ಯಾರೇನು?'

ಆಗ ಪಕ್ಕದಲ್ಲಿ ಕುಳಿತಿದ್ದ, ಗುರುತೇ ಇಲ್ಲದ ಹೆಂಗಸೊಬ್ಬಳು ಪಿಸುಗುಟ್ಟಿದಳು... "ನೀವ ಅಲ್ಲೇನ್ರಿ? ನಿಮ್ಮಕ್ಕ ಕಪಾಳಕ್ಕ ಹೊಡದು ಹೊರಗ ಹಾಕಿದ್ಲಂತಲ್ಲ? ಆ ಬಸರಿ ಹುಡುಗಿನೂ ನಕ್ಕಳಂತ?"

ಕಸ್ತೂರಿ ಬೆಚ್ಚಿಬಿದ್ದಳು. ಸವಿತಾ ನಕ್ಕಿರಲಿಲ್ಲ... ಅತ್ತಿದ್ದಳು!

ತನ್ನ ಬಾಯಿಂದ ಬಿದ್ದ ಹನಿಯೊಂದು ಎಲ್ಲೋ ಎದ್ದು ನಿಂತು, ಈಗ ಆ ಹುಡುಗಿಯನ್ನೇ ತಿನ್ನಲು ಬಂದಿತ್ತು.

ಮಂಗಳಾರತಿಗೂ ಕಾಯಲಿಲ್ಲ. ನೆಟ್ಟಗೆ ಅಕ್ಕನ ಮನೆಗೆ ನಡೆದಳು.

"ಯಕ್ಕಾ, ಅವತ್ತ ನನ್ನ ಕೈ ಯಾಕ ಸರಿಸಿದಿ? ನನ್ನ ಕೈಯಾಗ ವಿಷ ಇತ್ತೇನು?"

ಅಕ್ಕ ಬಾಗಿಲಲ್ಲೇ ಕುಳಿತಳು. "ಬೀಗತಿ ಕಣ್ಣ ಕಿಸದು ನೋಡಾಕತ್ತಿದ್ಲು... ಅಂಜಿದ್ನಿ. ತಪ್ಪಾತು ತಂಗಿ. ಆದರ ಊರಿಗೆಲ್ಲ ಹೇಳಿದಿ, ನನಗೊಬ್ಬಾಕಿಗೆ ಬೈಲಿಲ್ಲಲ್ಲ... ಬಂದು ಬೈತಿ ಅಂತ ದಿನಾ ಬಾಗಲಾ ನೋಡತಿದ್ನಿ."

"ನೀ ಯಾಕ ಬರಲಿಲ್ಲ? ತಪ್ಪು ಮಾಡಿದಾಕಿ ನೀ ಅಲ್ಲೇನು?"



ಒಳಗಿನಿಂದ ಸವಿತಾ ಬಂದಳು. ಕೂಸನ್ನು ಅವ್ವನ ಕೈಗೆ ಕೊಟ್ಟು, ಕಸ್ತೂರಿಯ ಮುಂದೆ ಸೆರಗೊಡ್ಡಿ ನಿಂತಳು.

"ಅವತ್ತಿಂದು ಬಾಕಿ ಐತಿ ಚಿಗವ್ವಾ... ತುಂಬು."

ಕೂಸನ್ನು ಎತ್ತಿಕೊಂಡೇ ಅಕ್ಕ ಅಕ್ಕಿ ತರಲು ಎದ್ದಳು...

*ಸಿಟ್ಟನ್ನು ನುಂಗಬೇಕಿಲ್ಲ... ಊರೆಲ್ಲ ಚೆಲ್ಲದೆ, ಕೇಳಬೇಕಾದವರ ಮುಂದೆ ಇಟ್ಟರೆ ಸಾಕು.*

ನಿಮ್ಮ ಸಿಟ್ಟಿನ ಕಥೆಯನ್ನು ಎಷ್ಟೋ ಜನ ಕೇಳಿರಬಹುದು... ಕೇಳಬೇಕಾದ ಆ ಒಬ್ಬರು ಕೇಳಿದ್ದಾರೆಯೇ?